ಪುಟಿದ ಮೇಲೆ ಒಳಗೆ ಬನ್ನಿ

ಸೀರೆ ವ್ಯಾಪಾರದಲ್ಲಿದ್ದಷ್ಟು ದಿನ ಗಿರಾಕಿಗಳಿಗೆ ಹೇಳಬಾರದಿದ್ದ ಒಂದು ಗುಟ್ಟಿದೆ. ಅಂಗಡಿಯನ್ನು ಮಗಳಿಗೆ ಒಪ್ಪಿಸಿದ್ದೇನೆ, ಈಗ ಹೇಳಬಹುದು. ಬೇಕಾದ ಸೀರೆಯನ್ನು ಕೊನೆಗೆ ಮುಟ್ಟಬೇಕು. ಬೇಡದವನ್ನೆಲ್ಲ ಬಿಚ್ಚಿಸಿ, ಬಣ್ಣ ಮಂಕು, ಅಂಚು ಚಿಕ್ಕದು ಎಂದು ಮೂಗು ಮುರಿದು, ಚಪ್ಪಲಿ ಮೆಟ್ಟುವಾಗ ತಿರುಗಿ, ‘ಅದ್ಯಾವುದ್ರೀ ಅಲ್ಲಿ ಮೂಲೇಲಿರೋದು?’ ಅನ್ನಬೇಕು. ಆಸೆ ಮುಖದಲ್ಲಿ ಕಂಡರೆ ಬೆಲೆ ಇಳಿಯುವುದಿಲ್ಲ. ಈ ಗುಟ್ಟನ್ನು ಮೊದಲೇ ಹೇಳಿದ್ದು ಒಬ್ಬರಿಗೆ ಮಾತ್ರ, ನನ್ನ ಟೆನಿಸ್ ಜೋಡಿಗೆ. ಅದರ ಫಲ ಉಂಡೆ.

ನಾನು ಟೆನಿಸ್ ಹಿಡಿದದ್ದೂ ಒಂದು ಚೌಕಾಸಿಯಿಂದಲೇ. ಮಗಳನ್ನು ಜಯನಗರದ ಒಂದು ಕೋರ್ಟಿಗೆ ಸೇರಿಸಿದ್ದೆ. ಎರಡನೇ ವಾರಕ್ಕೆ ಅವಳು ರ‍್ಯಾಕೆಟ್ ಮೂಲೆಗೆಸೆದಳು. ಕಟ್ಟಿದ ಫೀಸು ವಾಪಸ್ ಬರುವುದಿಲ್ಲ ಎಂದರು. ‘ಹಾಗಾದ್ರೆ ಉಳಿದ ದಿನ ನಾನೇ ಆಡ್ತೀನಿ’ ಎಂದೆ. ಕೋಚ್ ತಮಾಷೆ ಅಂದುಕೊಂಡರು. ಮರುದಿನ ಚೂಡಿದಾರ್ ಮೇಲೆ ಕ್ಯಾನ್ವಾಸ್ ಶೂ ತೊಟ್ಟು ನಿಂತೆ. ಅಲ್ಲಿ ಇನ್ನೊಬ್ಬ ಹೆಂಗಸಿದ್ದರು, ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಮೇಡಂ. ನೋಡಿದೊಡನೆ ಗುರುತು ಹತ್ತಿತು. ಹೆಗಲ ಮೇಲೆ ಸೀರೆ ಗಂಟು ಹೊತ್ತು ಮನೆಮನೆ ತಿರುಗುತ್ತಿದ್ದ ಕಾಲದಲ್ಲಿ ಅವರ ಅತ್ತೆ ನನ್ನ ಗಿರಾಕಿ. ಬಲು ಮಡಿಯ ಹೆಂಗಸು, ಆದರೆ ಬಾಕಿ ಇಡದವರು. ಗಂಟು ಬಿಚ್ಚುವುದು ಮುಂದಿನ ಹಾಲ್‌ನಲ್ಲಿ, ಕಾಫಿ ಕೊಡುವುದೂ ಹಾಲ್‌ನಲ್ಲಿ. ಅದರಾಚೆ ನಾನು ಕಾಲಿಟ್ಟವಳಲ್ಲ.

ಅಂದಿನಿಂದ ಇಪ್ಪತ್ತು ವರ್ಷಕ್ಕೂ ಮೇಲೆ ನಾವಿಬ್ಬರೂ ಡಬಲ್ಸ್ ಜೋಡಿ. ಅವರು ನೆಟ್ ಹತ್ತಿರ, ನಾನು ಹಿಂದೆ. ಅವರಿಗೆ ಲೆಕ್ಕ, ನನಗೆ ಓಟ. ಚೆಂಡು ತಲೆ ಮೇಲೆ ಹಾದರೆ ‘ನಿಮ್ದು!’ ಎಂದು ಅವರು ಕೂಗಬೇಕು, ನಾನು ಓಡಬೇಕು. ನಮ್ಮ ಸ್ನೇಹದ ಮುಕ್ಕಾಲು ಮಾತು ಆ ಒಂದು ಪದದಲ್ಲೇ ಮುಗಿದಿರಬೇಕು.

ಕಳೆದ ವರ್ಷ ಅವರ ಮೊಣಕಾಲು ತಕರಾರು ತೆಗೆಯಿತು. ಒಂದು ಬೆಳಿಗ್ಗೆ ಆಟ ಮುಗಿಸಿ ಬೆಂಚಿನ ಮೇಲೆ ಕೂತು ಶೂ ಲೇಸ್ ಬಿಚ್ಚುತ್ತ, ‘ಸಾಕು ಕಣ್ರೀ. ಓಡಿ ಗಕ್ಕನೆ ನಿಲ್ಲೋ ಆಟ ಬೇಡ ಅಂದ್ರು ಡಾಕ್ಟ್ರು. ನೀವು ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ’ ಎಂದರು. ಮನೆಗೆಲಸದವಳಿಗೆ ಬೇರೆ ಮನೆ ನೋಡಿಕೋ ಅಂದ ಹಾಗಿತ್ತು.

ನೋಡಿಕೊಂಡೆ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಜೊತೆಯಾದರು. ಒಳ್ಳೆಯ ಹೊಡೆತ, ಬಾಯಿ ಮಾತ್ರ ಬಿಚ್ಚರು. ಚೆಂಡು ಇಬ್ಬರ ನಡುವೆ ಬಿದ್ದರೆ, ‘ನೀವು ತಗೋತೀರಾ ಅಂದ್ಕೊಂಡೆ’ ಎಂದು ಚೆಂಡು ಗೋಡೆ ಸೇರಿದ ಮೇಲೆ ಹೇಳುವವರು. ನನ್ನ ಕಾಲು ಗಟ್ಟಿಯಾಗಿತ್ತು, ಸರ್ವಿಸು ಬೀಳುತ್ತಿತ್ತು, ಆದರೂ ಬೆಳಗಿನ ಅಲಾರಂ ಹೊಡೆದರೆ ಏಳುವ ಮನಸ್ಸಾಗುತ್ತಿರಲಿಲ್ಲ. ಮೇಡಂಗೆ ಫೋನ್ ಮಾಡಿದರೆ, ‘ಹ್ಞೂಂ, ಆರಾಮ’ ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದರು. ಇದು ಹೀಗೇ ಬಿಟ್ಟರೆ ಇನ್ನು ಮದುವೆ ಮುಂಜಿಗಳಲ್ಲಿ ಎದುರಾಗಿ ‘ಊಟ ಆಯ್ತಾ’ ಎಂದು ಕೇಳುವವರಾಗುತ್ತೇವೆ ಅನ್ನಿಸಿತು. ಹಾಗಾಗಲು ಬಿಡಬಾರದು ಎಂದು ಒಂದು ದಿನ ಜೆ.ಪಿ. ನಗರದ ಅವರ ಫ್ಲ್ಯಾಟಿಗೆ ಹೋದೆ. ರ‍್ಯಾಕೆಟ್ಟು ಅಟ್ಟ ಸೇರಿತ್ತು. ಮೇಡಂ ಟೀವಿ ಮುಂದೆ ಕಾಲು ಚಾಚಿ ಕೂತಿದ್ದರು.

ನನ್ನ ತಲೆಯಲ್ಲಿದ್ದದ್ದು ಪಿಕಲ್‌ಬಾಲ್. ಬನಶಂಕರಿ ಕಡೆ ಒಂದು ಟೆನಿಸ್ ಕೋರ್ಟಿಗೆ ಹೊಸ ಗೆರೆ ಎಳೆದು, ಚಿಕ್ಕ ಚಿಕ್ಕ ಅಂಕಣ ಮಾಡಿದ್ದರು. ತೂತಿನ ಪ್ಲಾಸ್ಟಿಕ್ ಚೆಂಡು, ರೊಟ್ಟಿ ಹಂಚಿನಷ್ಟು ಪ್ಯಾಡಲ್ಲು. ಓಟ ಕಡಿಮೆ. ಸರ್ವಿಸು ಸೊಂಟದ ಕೆಳಗಿನಿಂದ, ಭುಜಕ್ಕೆ ಪೆಟ್ಟಿಲ್ಲ. ನಮ್ಮ ಹಳೇ ಟೆನಿಸ್ಸಿನವರು ಒಬ್ಬೊಬ್ಬರಾಗಿ ಅತ್ತ ಹೊರಟಿದ್ದರು. ಹಿಂದೆ ಮೇಡಂ ಮುಂದೆ ಆ ಹೆಸರೆತ್ತಿದಾಗ, ‘ಅದೇನ್ ಆಟಾನೇನ್ರೀ, ಉಪ್ಪಿನಕಾಯಿ ಆಟ!’ ಎಂದು ನಕ್ಕಿದ್ದರು. ಹಾಗಾಗಿ ಬೇಕಾದ ಸೀರೆಯನ್ನು ಮುಟ್ಟಲಿಲ್ಲ.

‘ನೀವು ಹೇಳಿದ್ದು ಸರಿ ಮೇಡಂ, ಅದು ಆಟಾನೇ ಅಲ್ಲ’ ಎಂದು ಶುರು ಮಾಡಿದೆ. ‘ನಿನ್ನೆ ಹೋಗಿದ್ದೆ. ಅಲ್ಲಿರೋರಿಗೇ ರೂಲ್ಸ್ ಗೊತ್ತಿಲ್ಲ. ನೆಟ್ ಮುಂದಿನ ಜಾಗಕ್ಕೆ ಕಿಚನ್ ಅಂತಾರೆ. ಒಬ್ಬರು ಒಳಗೆ ಹೋಗ್ಬಾರ್ದು ಅಂತಾರೆ, ಇನ್ನೊಬ್ಬರು ಹೋಗ್ಬಹುದು ಅಂತಾರೆ. ಬರೀ ಜಗಳ.’

‘ರೂಲು ಅಂದ್ಮೇಲೆ ಎರಡು ಹೇಗಿರತ್ತೆ?’ ಮೇಡಂ ಟೀವಿ ಸದ್ದು ತಗ್ಗಿಸಿದರು.

‘ನಂಗೇನ್ ಗೊತ್ತು, ನಾನು ಸೀರೆ ಮಾರೋಳು.’

‘ನಾಳೆ ಬಂದು ನೋಡ್ತೀನಿ. ಆಡಕ್ಕಲ್ಲ, ತಿಳ್ಕೊಳ್ಳಕ್ಕೆ.’

ಮೆಟ್ಟಿಲಿಳಿಯುವಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮರುದಿನ ಮೇಡಂ ಅಂಕಣದ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು. ಅಲ್ಲಿನ ಕೋಚ್ ತಾಳ್ಮೆಯ ಮನುಷ್ಯ. ‘ನೋಡಿ ಮೇಡಂ, ಈ ಗೆರೆಯಿಂದ ನೆಟ್‌ವರೆಗೆ ಕಿಚನ್. ಗಾಳೀಲಿರೋ ಚೆಂಡನ್ನ ಇದರೊಳಗೆ ನಿಂತು ಹೊಡೆಯೋ ಹಾಗಿಲ್ಲ. ಹೊಡೆದ ರಭಸಕ್ಕೆ ಕಾಲು ಗೆರೆ ಮುಟ್ಟಿದ್ರೂ ಪಾಯಿಂಟ್ ಹೋಯ್ತು. ಚೆಂಡು ನೆಲಕ್ಕೆ ಬಿದ್ದು ಪುಟಿದ್ರೆ ಮಾತ್ರ, ಆರಾಮಾಗಿ ಒಳಗೆ ಹೋಗಿ ಹೊಡೀರಿ.’

ಮೇಡಂ ಬಿದ್ದು ಬಿದ್ದು ನಕ್ಕರು. ‘ಅಯ್ಯೋ, ಇದು ನಮ್ಮತ್ತೆ ರೂಲು ಕಣ್ರೀ! ಗಾಳೀಲಿದ್ರೆ ಚೆಂಡು ಮಡಿ, ಯಾರೂ ಅಡುಗೆಮನೆಗೆ ಹೋಗಿ ಮುಟ್ಟೋ ಹಾಗಿಲ್ಲ. ನೆಲ ಮುಟ್ಟಿದ್ರೆ ಮಡಿ ಹೋಯ್ತು, ಯಾರು ಬೇಕಾದ್ರೂ ಬರಬಹುದು. ನಂಗೆ ಸ್ನಾನ ಆಗದೆ ಉಪ್ಪಿನಕಾಯಿ ಜಾಡಿ ಹತ್ರಾನೂ ಬಿಡ್ತಿರ್ಲಿಲ್ಲ ಆಕೆ. ಹೆಸರು ಸರಿಯಾಗೇ ಇಟ್ಟಿದ್ದಾರೆ!’

‘ನನ್ನನ್ನಂತೂ ಹಾಲ್‌ನಿಂದಾಚೆಗೇ ಬಿಡ್ತಿರ್ಲಿಲ್ಲ’ ಎಂದೆ.

‘ಗೊತ್ತು’ ಎಂದರು ಮೇಡಂ, ನಗು ಸ್ವಲ್ಪ ಕಡಿಮೆ ಮಾಡಿ. ‘ನಾನೇ ಅಲ್ವಾ ಕಾಫಿ ತಂದು ಕೊಡ್ತಿದ್ದೋಳು.’

ಆಟ ಶುರುವಾಯಿತು. ಎದುರಿಗೆ ಬಿಟಿಎಂ ಲೇಔಟಿನಿಂದ ಬರುವ ಗಂಡ ಹೆಂಡತಿ, ನಮ್ಮ ವಯಸ್ಸಿನ ಅರ್ಧದವರು. ನನ್ನ ಪಕ್ಕದಲ್ಲಿ ಕೋಚ್. ಟೆನಿಸ್ ಕೈ ಸುಮ್ಮನಿರುತ್ತದೆಯೇ? ಚೆಂಡು ಕಂಡರೆ ನುಗ್ಗಿ ಬೀಸುವುದು ಅಭ್ಯಾಸ. ಬೀಸಿದೆ, ಕಾಲು ಗೆರೆ ದಾಟಿತು.

‘ಮೈಲಿಗೆ!’ ಕುರ್ಚಿಯಿಂದ ಕೂಗು.

ಮತ್ತೆ ಬೀಸಿದೆ. ‘ಮೈಲಿಗೆ!’

ಎದುರಿನ ಹುಡುಗನಿಗೆ ಖುಷಿಯೋ ಖುಷಿ. ‘ಆಂಟಿ, ಸಖತ್ ಅಂಪೈರ್ ನೀವು!’ ಎಂದ. ಮೂರನೇ ಸಲ ಮೇಡಂ ಕುರ್ಚಿಯಲ್ಲಿ ಉಳಿಯಲಿಲ್ಲ. ‘ಏನ್ರೀ, ಚೆಂಡನ್ನ ಕೊಂದು ಹಾಕ್ತೀರಾ? ಮೆಲ್ಲಗೆ ಇಡ್ಬೇಕು ಕಣ್ರೀ, ಎಲೆ ತುದೀಗೆ ಉಪ್ಪು ಬಡಿಸಿದ ಹಾಗೆ. ಕೊಡಿ ಇಲ್ಲಿ’ ಎಂದು ಕೋಚ್ ಕೈಯಿಂದ ಪ್ಯಾಡಲ್ ಕಸಿದುಕೊಂಡರು.

ಅವರು ಇಟ್ಟ ಮೊದಲ ಚೆಂಡು ನೆಟ್ ದಾಟಿ ಅಲ್ಲೇ ತೆಪ್ಪಗೆ ಬಿತ್ತು. ಹುಡುಗ ಅದನ್ನು ನೋಡುತ್ತ ನಿಂತ. ನೆಟ್ ಹತ್ತಿರ ನಿಂತೇ ವರ್ಷಗಟ್ಟಲೆ ಟೆನಿಸ್ ಆಡಿದ ಕೈ ಅದು. ನಾನು ಹಳೇ ರೂಢಿಯಂತೆ ಹಿಂದೆ ಹೋಗಿ ನಿಂತಿದ್ದೆ. ‘ಮುಂದೆ ಬನ್ನಿ, ಇಲ್ಲಿ ಇಬ್ಬರೂ ಗೆರೆ ಹತ್ರಾನೇ ನಿಲ್ಬೇಕು’ ಎಂದರು ಕೋಚ್. ಹೋಗಿ ಮೇಡಂ ಪಕ್ಕ ನಿಂತೆ. ಇಪ್ಪತ್ತು ವರ್ಷ ಆಟದಲ್ಲಿ ನಾನು ನೋಡಿದ್ದು ಅವರ ಬೆನ್ನು, ಜಡೆ, ಆಮೇಲೆ ಜಡೆ ಹೋಗಿ ಬಂದ ಕ್ಲಿಪ್ಪು. ಚೆಂಡು ಬರುವಾಗ ಅವರು ನಾಲಗೆಯ ತುದಿ ಕಚ್ಚಿಕೊಳ್ಳುತ್ತಾರೆ ಎಂದು ಅವತ್ತೇ ಗೊತ್ತಾದದ್ದು.

ಇನ್ನು ಕಷ್ಟ ನನ್ನದು. ಮೇಡಂಗೆ ಹುಚ್ಚು ಹಿಡಿಯಿತು, ನನಗೆ ಅಷ್ಟು ಹಿಡಿಯಲಿಲ್ಲ. ಟೆನಿಸ್ಸಿನಲ್ಲಿ ಚೆಂಡನ್ನು ಆಕಾಶಕ್ಕೆ ಎಸೆದು ಕತ್ತೆತ್ತಿ ನೋಡುವ ಒಂದು ಗಳಿಗೆ ಇದೆಯಲ್ಲ, ಅದಕ್ಕೆ ಬದಲಿ ಇನ್ನೂ ಯಾರೂ ತಂದಿಲ್ಲ. ಕೇಳುವವರಿಗೆ ನಾನು ಹೇಳುವುದಿಷ್ಟೇ: ಕಾಲು ಗಟ್ಟಿಯಿದ್ದು ಮನಸ್ಸು ಟೆನಿಸ್ಸಿನಲ್ಲಿದ್ದರೆ ಅಲ್ಲೇ ಇರಿ, ನಾಲ್ಕು ಜನ ಹೋದರೆಂದು ಹೋಗಬೇಡಿ. ಮೊಣಕಾಲು ಬೇಡ ಅಂದರೆ ಮಾನ ಹೋಯಿತೆಂದು ಮನೆಯಲ್ಲಿ ಕೂರಬೇಡಿ. ಡಾಕ್ಟರನ್ನು ಕೇಳಿ, ವಾಕಿಂಗ್ ಶೂ ಬಿಟ್ಟು ಕೋರ್ಟಿನ ಶೂ ಕೊಳ್ಳಿ. ತಲೆ ಮೇಲೆ ಹೋದ ಚೆಂಡಿಗೆ ಹಿಮ್ಮುಖವಾಗಿ ಓಡಲೇಬೇಡಿ. ಬಿದ್ದರೆ ಎರಡೂ ಆಟ ಹೋಗುತ್ತದೆ.

ಅವತ್ತು ಆಟ ಮುಗಿಸಿ ಇಡ್ಲಿ ತಿನ್ನುವಾಗ ಚೌಕಾಸಿಗೆ ಕೂತೆವು.

‘ದಿನಾ ಪಿಕಲ್‌ಬಾಲ್’ ಎಂದರು ಮೇಡಂ.

‘ವಾರಕ್ಕೊಂದು ದಿನ’ ಎಂದೆ.

‘ಮೊದಲ ಬೆಲೆಗೆ ಬಗ್ಗೋರಲ್ಲ ನೀವು ಅಂತ ಗೊತ್ತು. ಸರಿ, ಅರ್ಧರ್ಧ. ಟೆನಿಸ್ ದಿನ ನಾನೂ ಬಂದು ಕುರ್ಚೀಲಿ ಕೂತು ನಿಮ್ಮನ್ನ ಬೈತೀನಿ.’

ಬೈಗುಳ ಸಮೇತ ಸಿಕ್ಕಿತೆಂದು ತಕ್ಷಣ ಒಪ್ಪಿಬಿಟ್ಟೆ. ಆಗ ಮೇಡಂ ಚಟ್ನಿ ಬಟ್ಟಲು ಪಕ್ಕಕ್ಕೆ ಸರಿಸಿ, ‘ಬೇಕಾದ ಸೀರೆ ಕೊನೇಲಿ ಮುಟ್ಬೇಕು ಅಂತ ನೀವೇ ಅಲ್ವಾ ಹೇಳ್ಕೊಟ್ಟಿದ್ದು?’ ಎಂದರು.

‘ಯಾಕೆ ಮೇಡಂ?’

‘ನೀವು ಮನೆಗೆ ಬರೋಕೆ ಮುಂಚೇನೇ ಈ ಆಟ ಆಡ್ಬಹುದಾ ಅಂತ ಡಾಕ್ಟ್ರನ್ನ ಕೇಳಿದ್ದೆ. ನಿಧಾನವಾಗಿ ಆಡಿ, ಪರವಾಗಿಲ್ಲ ಅಂದಿದ್ರು. ರೂಲ್ಸೂ ಓದ್ಕೊಂಡಿದ್ದೆ.’

ಕೈಯಲ್ಲಿದ್ದ ಇಡ್ಲಿ ತಟ್ಟೆಗಿಟ್ಟೆ. ‘ಮತ್ತೆ ಒಂದು ಫೋನ್ ಮಾಡಕ್ಕಾಗ್ಲಿಲ್ವಾ?’

‘ನಿಮ್ಮ ಕಾಲು ಚೆನ್ನಾಗಿದೆ. ಚೆನ್ನಾಗಿ ಓಡೋರನ್ನ, ಬನ್ನಿ ನನ್ನ ಜೊತೆ ಚಿಕ್ಕ ಕೋರ್ಟಿಗೆ ಅಂತ ಹೇಗ್ರೀ ಕರೀಲಿ? ನೀವಾಗಿ ಬರ್ತೀರೇನೋ ಅಂತ ಕಾಯ್ತಿದ್ದೆ.’

ಎಷ್ಟೋ ಅಂಗಡಿಯವರನ್ನು ಮಣಿಸಿದವಳು ನಾನು. ಅವತ್ತು ಮೇಡಂ ನನ್ನ ಗುಟ್ಟನ್ನು ನನಗೇ ಮಾರಿದ್ದರು. ಫಿಲ್ಟರ್ ಕಾಫಿ ಬಂತು, ಮೊದಲ ಲೋಟ ಅವರ ಕಡೆ ಸರಿಸಿದೆ.

ಈಗ ಅರ್ಧರ್ಧ ನಡೆದಿದೆ. ಬ್ಯಾಂಕಿನವರಿಗೆ ಮೇಡಂ ಕುರ್ಚಿಯಿಂದಲೇ ‘ನಂದು ಅನ್ರೀ, ಬಾಯ್ಬಿಟ್ಟು ಅನ್ರೀ’ ಎಂದು ಪಾಠ ಮಾಡಿ, ಮಾತು ಕಲಿಸಿದ್ದಾರೆ. ಬನಶಂಕರಿಯ ಅಂಕಣಗಳಲ್ಲಿ ಈಗ ಕನ್ನಡ ಬಾರದವರೂ ‘ಮೈಲಿಗೆ’ ಎಂದೇ ಕೂಗುತ್ತಾರೆ.

ಮೊನ್ನೆ ಒಂದು ಚೆಂಡು ನಮ್ಮ ಕಿಚನ್ನಿನ ನಟ್ಟನಡುವೆ ಬಿತ್ತು. ನಾನು ಅಭ್ಯಾಸಬಲದಿಂದ ಗೆರೆಯ ಈಚೆಯೇ ನಿಂತೆ.

‘ಪುಟೀತು ಕಣ್ರೀ! ಒಳಗೆ ಬನ್ನಿ, ಒಳಗೆ ಬನ್ನಿ!’ ಎಂದು ಕೂಗುತ್ತ ಮೇಡಂ ತಾವೂ ನುಗ್ಗಿದರು. ಇಬ್ಬರ ಪ್ಯಾಡಲ್ಲೂ ಢಿಕ್ಕಿ ಹೊಡೆದವು, ಚೆಂಡು ಕಾಲ ಬಳಿ ಉರುಳಿತು, ಪಾಯಿಂಟು ಹೋಯಿತು. ಅಡುಗೆಮನೆಯ ನಡುವೆ ನಿಂತು ಇಬ್ಬರೂ ನಗುತ್ತಿದ್ದರೆ, ‘ಆಂಟಿ, ಆಚೆ ಬನ್ನಿ, ಸರ್ವಿಸ್ ಮಾಡ್ಬೇಕು’ ಎಂದು ಎದುರಿನ ಹುಡುಗ ಎರಡು ಸಲ ಕರೆಯಬೇಕಾಯಿತು.