ಸುಭಾಸ ಹಾರಿಸಿದ ಎರಡು ಪುಟ

ನನ್ನ ಸೋದರತ್ತೆ ಅನ್ನವ್ವ ಸಂಶಿ ಬಳಿಯ ನಮ್ಮೂರ ಗುಡಿಯಲ್ಲಿ ಇಪ್ಪತ್ತೆರಡು ವರ್ಷ ಶ್ರಾವಣದ ಪುರಾಣ ಓದಿದವಳು. ಸಕ್ಕರೆ ಕಾಯಿಲೆ ಕಣ್ಣು ತಿಂದ ಮೇಲೆ ಗುಡಿಯ ಹಿರಿಯರು ಅವಳ ಜಾಗದಲ್ಲಿ ಊರಿನವನೇ ಆದ ಸುಭಾಸನನ್ನು ಕೂರಿಸಿದರು. "ನೀವಿನ್ನ ಆರಾಮ ಕೇಳ್ಕೋತ ಕುಂದರ್ರಿ" ಅಂದರು. ಆರಾಮವಂತೆ! ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಹೋದ ವರ್ಷ ಆ ಪುರಾಣದ ಇ-ಪುಸ್ತಕವನ್ನು ಅತ್ತೆಯ ಮೊಬೈಲಿಗೆ ಇಳಿಸಿ, ಕಣ್ಣು ಕಾಣದವರಿಗಾಗಿ ಗಟ್ಟಿಯಾಗಿ ಓದಿ ಹೇಳುವ ಸೆಟ್ಟಿಂಗ್ ಆನ್ ಮಾಡಿಕೊಟ್ಟೆ. ಅದು ಕತೆಯ ನಡುವೆ ಪುಟಸಂಖ್ಯೆಯನ್ನೂ ಓದಿಬಿಡುತ್ತದೆ. "ರಾಗ ಇಲ್ಲ, ಭಕ್ತಿ ಇಲ್ಲ, ಹಾಳಾದ್ದು" ಎಂದು ಬೈಯುತ್ತಲೇ ಅತ್ತೆ ಒಗ್ಗಿಕೊಂಡಳು. ಮಧ್ಯಾಹ್ನ ಆ ದಿನದ ಅಧ್ಯಾಯ ಫೋನಿನಲ್ಲಿ ಕೇಳುವುದು, ಸಂಜೆ ಗುಡಿಗೆ ಹೋಗುವುದು.

ಪುರಾಣದಲ್ಲಿ ಶರಣರು ಹುಟ್ಟುವ ದಿನ ನಮ್ಮಲ್ಲಿ ಬಣ್ಣದ ಕಲಘಟಗಿ ತೊಟ್ಟಿಲು ಕಟ್ಟಿ, ಜೋಗುಳ ಹಾಡಿ ತೂಗುತ್ತಾರೆ. ಪುಸ್ತಕದ ಪ್ರಕಾರ ಆ ಕೂಸನ್ನು ಮೊದಲು ತೊಟ್ಟಿಲಿಗೆ ಹಾಕಿ ತೂಗಿದವಳು ಊರಾಚೆ ಕೇರಿಯ ಸೂಲಗಿತ್ತಿ. ಅತ್ತೆ ಪ್ರತಿ ವರ್ಷ ಅದನ್ನು ದನಿ ಎತ್ತಿ ಓದುತ್ತಿದ್ದಳು. ಆ ಸಲ ಸುಭಾಸ ಹೆರಿಗೆಯಿಂದ ನೇರ ಜೋಗುಳಕ್ಕೆ ಜಿಗಿದ.

"ಲೇ ಸುಭಾಸ, ನಡುವಿನ ಎರಡ ಪುಟ ಎಲ್ಲಿ?"

"ಹೊತ್ತಾತ್ರಿ ಅಕ್ಕಾರ. ಅದರಾಗ ಅಂಥಾದ್ದೇನಿಲ್ಲ."

"ಅಂಥಾದ್ದೇನಿಲ್ಲ? ಬಾಗಲದಾಗ ಕುಂತಾಳಲ್ಲ ಹನಮವ್ವ, ನಿನ್ನ ಹೊಕ್ಕಳಬಳ್ಳಿ ಕೊಯ್ದಾಕಿನೂ ಆಕಿನ! ಅವತ್ತ ಆಕಿ ಕೈ ಬೇಕಾಗಿತ್ತು, ಇವತ್ತ ಪುಟ ಬ್ಯಾಡಾತು?"

ಕೇರಿಯ ಮುದುಕಿ ಹನಮವ್ವ ತಲೆ ತಗ್ಗಿಸಿದಳು. ವರ್ಷವೂ ಅವಳು ಹೊಸ್ತಿಲಾಚೆಯೇ ಕೂತು ಪುರಾಣ ಕೇಳುವುದು, ಹಿರಿಯರಲ್ಲಿ ಒಬ್ಬರೂ ಒಳಗೆ ಬಾ ಅಂದವರಲ್ಲ.

ಅತ್ತೆ ನನ್ನತ್ತ ಫೋನ್ ಚಾಚಿ, "ಶೈಲಾ, ಆ ಪುಟಕ್ಕ ಹಚ್ಚು, ಆವಾಜ ಪೂರಾ ಏರಸು" ಎಂದಳು. ಫೋನು ಎರಡೂ ಪುಟವನ್ನು ಒಂದಕ್ಷರ ಬಿಡದೆ ಓದಿತು. ಕೊನೆಗೆ "ನಲವತ್ತೊಂದು" ಎಂದು ಪುಟಸಂಖ್ಯೆಯನ್ನೂ ಹೇಳಿತು, ಯಾರೂ ನಗಲಿಲ್ಲ. ಅತ್ತೆ ತಡವರಿಸುತ್ತ ಹೋಗಿ ತೊಟ್ಟಿಲ ಹಗ್ಗ ಹಿಡಿದಳು. "ಹನಮವ್ವ, ಒಳಗ ಬಾ ಬೇ. ನೀ ತೂಗೂ ತನಕ ನಾ ಈ ಹಗ್ಗ ಯಾರಿಗೂ ಕೊಡೂದಿಲ್ಲ."

ಬಹಳ ಹೊತ್ತು ಹಿಂಜರಿದು ಹನಮವ್ವ ಬಂದಳು, ತೂಗಿದಳು. ಸುಭಾಸ ಪುಸ್ತಕ ಮಡಚಿ ಎದ್ದುಹೋದ.

ಮರುದಿನ ಸಂಜೆ ಗುಡಿ ಬಾಗಿಲಿಗೆ ಬೋರ್ಡು: ‘ಒಳಗೆ ಮೊಬೈಲ್ ತರಬಾರದು’. ಇಷ್ಟು ವರ್ಷ ಪುರಾಣದ ನಡುವೆ ಹಿರಿಯರದೇ ಫೋನು ಕಿರುಚಿದಾಗ ಬೇಕಾಗದ ಬೋರ್ಡು! ಸಿಟ್ಟಿನಿಂದಲೇ ಅತ್ತೆಗೆ ಓದಿ ಹೇಳಿದೆ.

"ಅಕ್ಷರ ದೊಡ್ಡುವು ಅದಾವೇನ?"

"ಗೇಣುದ್ದ ಅದಾವ, ಅತ್ತಿ."

"ಇರಲಿ. ನನಗೇನ ಕಾಣತಾವು?" ಎಂದು ಅತ್ತೆ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ನಡೆದು, ಸುಭಾಸನ ಎದುರಿಗೇ ಕೂತಳು.