ಏಳರ ಹತ್ತಿರ ಸಿಕ್ಕಿಬಿದ್ದ ಸಂಖ್ಯೆ

ನಾನು ಚಿಕ್ಕವನಿದ್ದಾಗ ಯಾರ ಮಾತನ್ನೂ ಸುಮ್ಮನೆ ನಂಬುತ್ತಿರಲಿಲ್ಲ. ಅಕ್ಕನ ಮಾತನ್ನಂತೂ ಇಲ್ಲವೇ ಇಲ್ಲ. ಅವಳು ಬೀದರದ ಮೈಲೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಹೈಸ್ಕೂಲು ಓದುತ್ತಿದ್ದಳು. ಆ ಸಲ ದೀಪಾವಳಿ ರಜೆಗೆ ಭಾಲ್ಕಿಯ ನಮ್ಮ ಮನೆಗೆ ಬಂದಾಗ, ಅವಳನ್ನು ಮತ್ತೆ ಓದಲು ಕಳಿಸುವುದೋ ಬೇಡವೋ ಎಂದು ಅಪ್ಪ ಯೋಚಿಸುತ್ತಿದ್ದರು. ಕಳಿಸದಿದ್ದರೆ ಸಾಕಪ್ಪಾ ಎಂದು ನನ್ನ ಆಸೆ. ಅವಳಿಲ್ಲದ ಮನೆಯಲ್ಲಿ ನನಗೆ ಜಗಳಕ್ಕೂ ಜನ ಇರಲಿಲ್ಲ.

ಹಬ್ಬದ ಹಿಂದಿನ ದಿನ ಅವ್ವ ಕರಜಿಕಾಯಿ ಕರಿಯುತ್ತಿದ್ದಳು. ಮನೆ ತುಂಬ ಕೊಬ್ಬರಿ, ಏಲಕ್ಕಿಯ ಘಮ. ಪಡಸಾಲೆಯಲ್ಲಿ ಕುಳಿತಿದ್ದ ಅಪ್ಪ, "ಏನ್ ಕಲ್ತೀ ಬೀದರದಾಗ? ತೋರ್ಸು ನೋಡೋಣ" ಎಂದರು.

ಅಕ್ಕ ನನ್ನ ಪಾಟಿ ಕಸಿದುಕೊಂಡು ಬಳಪದಿಂದ 142857 ಎಂದು ಬರೆದಳು. "ಇದಕ್ಕ ಯಾವುದರಿಂದ ಬೇಕಾದ್ರೂ ಗುಣಸ್ರಿ ಅಪ್ಪಾ. ಇವೇ ಆರು ಅಂಕಿ ಜಾಗ ಬದಲಿಸಿ ಬರ್ತಾವ."

ಎರಡರಿಂದ ಗುಣಿಸಿದಳು, 285714. ಮೂರರಿಂದ ಗುಣಿಸಿದಳು, 428571. ಕೈ ಕೈ ಹಿಡಿದು ಸುತ್ತುವ ಮಕ್ಕಳ ಹಾಗೆ ಅವೇ ಅಂಕಿಗಳು, ಅದೇ ಸಾಲು. ಶುರುವಾಗುವ ಜಾಗ ಮಾತ್ರ ಬೇರೆ. ಬಾಯಿಪಾಠ ಮಾಡಿಕೊಂಡು ಬಂದಿದ್ದಾಳೆ ಎಂದುಕೊಂಡೆ. ಪಾಟಿ ಎಳೆದುಕೊಂಡು ನಾನೇ ನಾಲ್ಕರಿಂದ ಗುಣಿಸಿದೆ. 571428! ಹೊಟ್ಟೆ ಉರಿಯಿತು.

ನಮ್ಮ ಮನೆಯಲ್ಲಿ ಮಗ್ಗಿಗೆ ಮೂರು ಭಾಷೆ. ನಮ್ಮದು ಕನ್ನಡ, ಅವ್ವನದು ಮರಾಠಿ. ಔರಾದಿನ ಉರ್ದು ಶಾಲೆಯಲ್ಲಿ ಕಲಿತ ಅಪ್ಪನಿಗೆ "ಸಾತ್ ದೂನೀ ಚೌದಾ" ಎನ್ನದೆ ಲೆಕ್ಕವೇ ಬರುತ್ತಿರಲಿಲ್ಲ. ಕನ್ನಡ ಮಗ್ಗಿಗೆ ಅಕ್ಕ ಏನೋ ಮಾಟ ಮಾಡಿದ್ದಾಳೆ, ಉರ್ದು ಮಗ್ಗಿ ಅವಳ ಮಾತು ಕೇಳಲಾರದು ಎಂದು ನನಗೆ ಖಾತ್ರಿಯಾಯಿತು.

"ಅಪ್ಪಾ, ನೀವು ಉರ್ದುದಾಗ ಮಾಡ್ರಿ! ಕನ್ನಡದಾಗ ಅಕಿ ಏನರ ಮಾಡ್ಯಾಳ!"

ಅಪ್ಪ ನಕ್ಕರು. ಆದರೂ ಬಳಪ ಹಿಡಿದರು. ಐದರಿಂದ 714285. ಆರರಿಂದ 857142. ಉರ್ದುವೂ ಕೈಕೊಟ್ಟಿತು.

"ಏಳು!" ಎಂದು ಕೂಗಿದೆ.

"ಸಾಕು ಬಿಡ್ರಿ ಅಪ್ಪಾ, ಕರಜಿಕಾಯಿ ಆರ್ತಾವ" ಎಂದು ಅಕ್ಕ ಪಾಟಿಗೆ ಕೈ ಹಾಕಿದಳು. ನಾನು ಬಿಡಲಿಲ್ಲ.

"ಸಾತ್ ಸತ್ತೇ ಉಂಚಾಸ್..." ಬಲತುದಿಗೆ ನಲವತ್ತೊಂಬತ್ತರ ಒಂಬತ್ತು ಬಿತ್ತು. ಅದರ ಪಕ್ಕ ಇನ್ನೊಂದು. ಬಳಪ ಕಿರ್ರೆನ್ನುತ್ತ ಹೋಯಿತು, ಒಂಬತ್ತುಗಳೇ ಬಂದವು. 999999!

"ಸಿಕ್ಕಿಬಿದ್ಲು! ಸುಳ್ಳ ಹೇಳ್ಯಾಳ!" ಎಂದು ಕುಣಿದೆ.

ಅಪ್ಪ ಪಾಟಿಯನ್ನೇ ನೋಡುತ್ತ ಕುಳಿತರು. "ಎಲ್ಲಾ ಒಂಬತ್ತೇ ಯಾಕ ಬಂದ್ವು?"

"ಗೊತ್ತಿಲ್ರಿ ಅಪ್ಪಾ. ಸಾಲ್ಯಾಗ ಇನ್ನಾ ಹೇಳಿಲ್ಲ."

"ಹಂಗಾದ್ರ ಹೋಗಿ ತಿಳ್ಕೊಂಡು ಬಾ. ನನಗೂ ತಿಳೀಬೇಕು."

ಮುಗಿಯಿತು ನನ್ನ ಕಥೆ. ರಜೆ ಮುಗಿದ ದಿನ ಬಸ್ ಸ್ಟ್ಯಾಂಡಿನಲ್ಲಿ ಕೈಯಲ್ಲಿ ಕರಜಿಕಾಯಿ ಹಿಡಿದು ಗಳಗಳ ಅತ್ತೆ. ಅಕ್ಕ ಬಸ್ಸಿನ ಕಿಟಕಿಯಲ್ಲಿ ನಗುತ್ತಿದ್ದಳು. ಮುಂದಿನ ರಜೆಗೆ ಬಂದವಳು ಅದೇ ಪಾಟಿಯ ಮೇಲೆ ಒಂದನ್ನು ಏಳರಿಂದ ಭಾಗಿಸಿ ತೋರಿಸಿದಳು. ಅವೇ ಆರು ಅಂಕಿಗಳು ಮುಗಿಯದೆ ಬರುತ್ತಲೇ ಇದ್ದವು. ಆ ಸಂಖ್ಯೆ ಹುಟ್ಟಿದ್ದೇ ಏಳರ ಮನೆಯಲ್ಲಿ!

ಮಕ್ಕಳೇ, ನಿಮ್ಮ ಫೋನು ಏಳರ ಉತ್ತರವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳಿಬಿಡುತ್ತದೆ. ಒಂಬತ್ತುಗಳು ಒಂದೊಂದಾಗಿ ಬಂದು ಕೂರುವುದು ನಿಮಗೆ ಕಾಣುವುದೇ ಇಲ್ಲ. ಆದರೆ ಅದಕ್ಕೂ ಗೊತ್ತಿಲ್ಲದ ಸಂಗತಿ ಒಂದಿದೆ. ಅಂದು ಅಕ್ಕ ಪಾಟಿಗೆ ಕೈ ಹಾಕಿದ್ದು ನನ್ನ ಹಟ ಹೆಚ್ಚಿಸಲಿಕ್ಕೋ? ಏಳರ ಗುಟ್ಟು ಅಕ್ಕನಿಗೆ ಮೊದಲೇ ಗೊತ್ತಿತ್ತೋ? ನಾನು ಕೇಳಿದಾಗಲೆಲ್ಲ ಆ ಬಸ್ಸಿನ ಕಿಟಕಿಯ ನಗೆಯನ್ನೇ ನಗುತ್ತಾಳೆ. ತಗೊಳ್ಳಿ ಫೋನು, ನೀವಾದರೂ ಅವಳನ್ನು ಕೇಳಿ.