ಪಾಲಮ್ಮನ ಬೇವಿನ ನೀರು

ಚಿತ್ರದುರ್ಗದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಪಾಲಮ್ಮ ಅಟೆಂಡರ್. ಹಿರಿಯೂರು ಕಡೆಯ ಗೊಲ್ಲರಹಟ್ಟಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ. ಕೆಲಸ ಗುತ್ತಿಗೆಯದು, ವರ್ಷಕ್ಕೊಮ್ಮೆ ನಾನು ‘ಕೆಲಸ ತೃಪ್ತಿಕರ’ ಎಂದು ಬರೆದು ಸಹಿ ಹಾಕಿದರೆ ಮಾತ್ರ ಮುಂದುವರಿಯುತ್ತದೆ. ಗಾಜಿನ ಸಾಮಾನು ಅವಳು ತೊಳೆದಂತೆ ನಮ್ಮ ಮನೆಯಲ್ಲಿ ಯಾರೂ ಲೋಟ ತೊಳೆಯುವುದಿಲ್ಲ. ಹೇಳದ ಕೆಲಸವನ್ನೂ ಮಾಡಿಬಿಡುತ್ತಾಳೆ, ಅದೊಂದೇ ಕಷ್ಟ.

ಈ ಸಲ ಹೊಳಲ್ಕೆರೆಯ ಅನುಪಮಾ ಎಂಬ ಎಂ.ಎಸ್ಸಿ. ಹುಡುಗಿ ನನ್ನ ಕೈಕೆಳಗೆ ಪ್ರಾಜೆಕ್ಟ್ ಮಾಡುತ್ತಿದ್ದಳು. ಹೊಸದುರ್ಗದಿಂದ ದಾಳಿಂಬೆ ಸಿಪ್ಪೆ ತರಿಸಿ, ಒಣಗಿಸಿ, ಕುದಿಸಿ, ಆ ಕಷಾಯದಲ್ಲಿ ಹತ್ತಿ ಬಟ್ಟೆ ಅದ್ದುವುದು. ಅದರ ಮೇಲೆ ರೋಗಾಣು ಬೆಳೆಯುತ್ತದೋ ಇಲ್ಲವೋ ನೋಡುವುದು. ಹೋಲಿಸಲು ಏನೂ ಹಚ್ಚದ ಬರೀ ಬಟ್ಟೆಯ ತುಂಡುಗಳೂ ಇದ್ದವು. ಅವುಗಳ ಮೇಲೆ ರೋಗಾಣು ಬೆಳೆಯಲೇಬೇಕು. ಬೆಳೆಯಲಿಲ್ಲ. ಹಾಗಾದರೆ ದಾಳಿಂಬೆಯ ಹೆಚ್ಚುಗಾರಿಕೆ ಏನು ಉಳಿಯಿತು? ನಾಲ್ಕು ತಿಂಗಳ ದುಡಿಮೆ ನೀರುಪಾಲು.

ನನ್ನ ಸಿಟ್ಟು ಕಾಲೇಜಿಗೆಲ್ಲ ಗೊತ್ತಿದ್ದದ್ದೇ. “ಬರೀ ಬಟ್ಟೆ ಜಾಗಕ್ಕೂ ಕಷಾಯದ ತುಂಡೇ ಇಟ್ಟಿದೀಯ. ಒಪ್ಕೊಳ್ಳೋ ಧೈರ್ಯನೂ ಇಲ್ಲ!” ಎಂದು ಎಲ್ಲರೆದುರೇ ಅನುಪಮಾಳನ್ನು ಬೈದೆ.

“ಇಲ್ಲ ಮೇಡಂ, ನಾನು ಹಂಗ್ ಮಾಡಿಲ್ಲ,” ಎನ್ನುತ್ತ ಹುಡುಗಿ ಅಳತೊಡಗಿದಳು.

ಪಾಲಮ್ಮ ನಲ್ಲಿ ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

“ಆ ಹುಡುಗೀನ ಬೈಬ್ಯಾಡ್ರಿ ಮೇಡಂ. ಬರೀ ಬಟ್ಟೆನ ಬೇವಿನ ನೀರಾಗೆ ಅದ್ದಿದೋಳು ನಾನು. ಅಂಗಡಿ ವಾಸ್ನೆ ಹೊಡೀತಿತ್ತು. ನಮ್ಮ ಹಟ್ಟ್ಯಾಗೆ ಹೊಸ ಬಟ್ಟೆನ ಬೇವಿನ ಸೊಪ್ಪು ಕುದಿಸಿದ ನೀರಾಗೆ ಅದ್ದದೆ ಕೂಸಿಗೆ ಹೊದ್ಸಲ್ಲ. ಈ ಹುಡುಗಿ ಕೆಲ್ಸ ಚೆಂದಾಗಾಗ್ಲಿ ಅಂತ ಮಾಡ್ದೆ. ತಪ್ಪು ನಂದೇ ಐತೆ.”

ಅವಳ ಗುತ್ತಿಗೆಯ ಕಾಗದ ಸಹಿಯಿಲ್ಲದೆ ನನ್ನ ಮೇಜಿನ ಮೇಲೆಯೇ ಬಿದ್ದಿತ್ತು. ಬೆಳಿಗ್ಗೆ ಅದನ್ನು ತಂದಿಟ್ಟವಳೂ ಅವಳೇ.

ಅನುಪಮಾ ಹೊಸ ಬಟ್ಟೆ ತಂದು ಮತ್ತೆ ಶುರು ಮಾಡಿದಳು. ಪಾಲಮ್ಮನ ಕೈಗೆ ಕೊಡಲು ಹೋದರೆ ಅವಳು ಹಿಂದೆ ಸರಿದಳು: “ನೀನೇ ಇಟ್ಕಳವ್ವ. ನನ್ನ ಕೈ ಸುಮ್ನಿರಲ್ಲ.” ವಾರದ ಮೇಲೆ ಬರೀ ಬಟ್ಟೆಯ ತುಂಬ ರೋಗಾಣು ಬೆಳೆದು, ದಾಳಿಂಬೆಯದು ಸ್ವಚ್ಛವಾಗಿ ಉಳಿಯಿತು. “ಬೆಳದಾವೆ ಮೇಡಂ!” ಎಂದು ಎಲ್ಲರಿಗಿಂತ ಮೊದಲು ಕುಣಿದವಳು ಪಾಲಮ್ಮ.

ಪಾಲಮ್ಮ ತಪ್ಪೊಪ್ಪಿಕೊಂಡ ದಿನವೇ ಅವಳ ಕಾಗದಕ್ಕೆ ನಾನು ಸಹಿ ಹಾಕಿದ್ದೆ. ಅನುಪಮಾಳ ಕ್ಷಮೆ ಕೇಳಲು ಮಾತ್ರ ನನಗೆ ಆ ಇಡೀ ವಾರ ಹಿಡಿಯಿತು. ಅದೂ, ಲ್ಯಾಬಿನಲ್ಲಿ ಬೇರೆ ಯಾರೂ ಇಲ್ಲದಾಗ.